ಮಗ ಪ್ಲಂಬರ್ ಆಗ್ತೀನಿ ಅಂದರೆ ತಡೆಯಬೇಡಿ

ದಾವಣಗೆರೆಯ ಓದುಗರೊಬ್ಬರ ಪತ್ರ: "ಮಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ಐಟಿಐ ಸೇರಿ ಪ್ಲಂಬಿಂಗ್ ಕಲೀತೀನಿ ಅಂತಾನೆ. ಅವನು ಕಲಿತು ಬರೋ ಹೊತ್ತಿಗೆ ಆ ಕೆಲಸಾನೂ ರೋಬೋಟ್ ಮಾಡುತ್ತೆ, ಬೇಡ ಅಂತ ನೆಂಟರು ಹೇಳ್ತಾರೆ. ನಮ್ಮ ತಂದೆ ಕಾಟನ್ ಮಿಲ್ಲಿನಲ್ಲಿದ್ದವರು. ಮಿಲ್ಲು ಮುಚ್ಚಿದಾಗ ಮನೆ ಏನಾಯ್ತು ಅಂತ ನೋಡಿದೀನಿ. ಮಗನನ್ನ ಕಳಿಸಲೋ ಬೇಡವೋ?"

ಸಂಪಾದಕರ ಉತ್ತರ: ಕಳಿಸಿ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ನಮ್ಮದು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡವರು ಮಗನ ಅನ್ನದ ದಾರಿ ಬಗ್ಗೆ ಹೆದರುವುದು ಸಹಜ. ಆದರೆ ರೋಬೋಟ್‌ಗೆ ಯಾವ ಕೆಲಸ ಸುಲಭ, ಯಾವುದು ಕಷ್ಟ ಅಂತ ಸ್ವಲ್ಪ ನೋಡೋಣ.

ಕಾರ್ಖಾನೆಗೆ ಮೊದಲ ರೋಬೋಟ್ ಬಂದದ್ದು 1961ರಲ್ಲಿ, ಅಮೆರಿಕದ ಜನರಲ್ ಮೋಟರ್ಸ್‌ಗೆ. ಹೆಸರು ಯುನಿಮೇಟ್. ಅಚ್ಚಿನಿಂದ ಬಂದ ಬಿಸಿ ಲೋಹದ ತುಂಡನ್ನು ಎತ್ತಿಡುವುದು ಅದರ ಕೆಲಸ. ತುಂಡು ಪ್ರತಿ ಸಲವೂ ಅದೇ ಜಾಗಕ್ಕೆ, ಅದೇ ಅಳತೆಯಲ್ಲಿ ಬರುತ್ತಿತ್ತು. ಹಾಗೆ ಬರುವ ಕಡೆ ಯಂತ್ರವೇ ಗೆಲ್ಲುತ್ತದೆ.

1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನೇ ಸೋಲಿಸಿತು. ಆದರೆ ಅದರ ಪರವಾಗಿ ಕಾಯಿ ನಡೆಸಿದ್ದು ಎದುರಿಗೆ ಕೂತಿದ್ದ ಮನುಷ್ಯ! ಯಂತ್ರಕ್ಕೆ ಚೆಕರ್ಸ್‌ನಂಥ ಬುದ್ಧಿಯ ಆಟ ಕಲಿಸುವುದು ಸುಲಭ, ಒಂದು ವರ್ಷದ ಮಗುವಿನಷ್ಟು ನೋಡಿ ನಡೆದಾಡುವುದನ್ನು ಕಲಿಸುವುದು ಕಷ್ಟ ಅಂತ ಹ್ಯಾನ್ಸ್ ಮೊರಾವೆಕ್ ಎಂಬ ರೋಬೋಟ್ ತಜ್ಞರು 1988ರಲ್ಲೇ ಬರೆದಿದ್ದರು. 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೋಬೋಟ್‌ಗಳ ದೊಡ್ಡ ಸ್ಪರ್ಧೆ ನಡೆಯಿತು. ಎಂಟು ಕೆಲಸ ಕೊಟ್ಟಿದ್ದರು. ಅದರಲ್ಲಿ ಒಂದು ವಾಲ್ವ್ ತಿರುಗಿಸುವುದು, ಇನ್ನೊಂದು ಗೋಡೆ ಕೊರೆಯುವುದು. ಗೆದ್ದ ದಕ್ಷಿಣ ಕೊರಿಯಾದ ರೋಬೋಟ್ ಎಂಟನ್ನೂ ಮುಗಿಸಲು 44 ನಿಮಿಷ ದಾಟಿತು. ಬಾಗಿಲು ತೆಗೆಯಲು ಹೋಗಿ ಬಿದ್ದವೂ ಇದ್ದವು. ಆಮೇಲೆ ರೋಬೋಟ್‌ಗಳು ತುಂಬಾ ಸುಧಾರಿಸಿವೆ, ಓಡುತ್ತವೆ, ಜಿಗಿಯುತ್ತವೆ. ಆದರೂ ಮಂಡಿಪೇಟೆ ಕಡೆಯ ಒಂದು ಹಳೇ ಮನೆಗೆ ಅದನ್ನು ಕರೆದುಕೊಂಡು ಬನ್ನಿ.

ಅಲ್ಲಿ ಪೈಪು ಎಲ್ಲೆಲ್ಲಿ ಹೋಗಿದೆ ಅನ್ನುವ ನಕ್ಷೆ ಯಾರ ಹತ್ತಿರವೂ ಇಲ್ಲ. ಗೋಡೆ ಒದ್ದೆಯಾಗಿದೆ, ಆದರೆ ಒದ್ದೆ ಕಂಡ ಜಾಗದಲ್ಲೇ ಲೀಕ್ ಇರಬೇಕು ಅಂತೇನಿಲ್ಲ. ಅನುಭವ ಇರುವ ಪ್ಲಂಬರ್ ಉಳಿ ಎತ್ತುವ ಮೊದಲು ಮನೆಯವರನ್ನು ಕೇಳುತ್ತಾನೆ: ಒದ್ದೆ ಯಾವಾಗ ಜಾಸ್ತಿ ಆಗುತ್ತೆ? ನಲ್ಲಿ ನೀರು ಬಿಟ್ಟ ದಿನ ಮಾತ್ರವಾದರೆ ರಸ್ತೆಯಿಂದ ನೆಲದಡಿಯ ಸಂಪ್‌ಗೆ ಬರುವ ಲೈನ್ ಮೇಲೆ ಅನುಮಾನ. ದಿನವೂ ಇದ್ದರೆ ಮೇಲಿನ ಟ್ಯಾಂಕಿನ ಲೈನ್. ಸ್ನಾನ ಮಾಡಿದಾಗಷ್ಟೇ ಆದರೆ ನೀರು ಹೊರಹೋಗುವ ಪೈಪು. ಇಷ್ಟು ಕೇಳಿದರೆ ಅರ್ಧ ಗೋಡೆ ಒಡೆಯುವುದು ತಪ್ಪುತ್ತದೆ. ಆಮೇಲೆ ತುಕ್ಕು ಹಿಡಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಬಿಚ್ಚಬೇಕು. ಒಂದು ಪಾನಾದಲ್ಲಿ ಪೈಪು ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ತಿರುಗಿಸಬೇಕು. ಜೋರು ಹಾಕಿದರೆ ಥ್ರೆಡ್ ಗೋಡೆಯೊಳಗೇ ಮುರಿಯುತ್ತದೆ. ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದು ಕೈಗೆ ಗೊತ್ತಾಗಬೇಕು, ಅದೂ ಕತ್ತಲಲ್ಲಿ, ಸಿಂಕಿನ ಕೆಳಗೆ ಮೈ ಮುದುರಿಕೊಂಡು. ಈ ಕೈಯನ್ನು ನಾನು ತುಂಬಾ ಗೌರವಿಸುತ್ತೇನೆ. ನಮ್ಮ ಸಮಾಜ ಅದಕ್ಕೆ ಸಲ್ಲಬೇಕಾದ ಬೆಲೆ ಕೊಟ್ಟಿಲ್ಲ ಅನ್ನುವ ಸಿಟ್ಟೂ ನನಗಿದೆ.

ರೋಬೋಟ್‌ಗೆ ಹೋಗಲೇಬೇಕಾದ ಕೆಲಸವೂ ಒಂದಿದೆ. ಮ್ಯಾನ್‌ಹೋಲ್ ಸ್ವಚ್ಛ ಮಾಡುವ ಬ್ಯಾಂಡಿಕೂಟ್ ಎಂಬ ಯಂತ್ರವನ್ನು ಕೇರಳದ ಯುವಕರು ಮಾಡಿದ್ದಾರೆ. ರಕ್ಷಣೆಯಿಲ್ಲದೆ ಜನರನ್ನು ಮ್ಯಾನ್‌ಹೋಲಿಗೆ ಇಳಿಸಬಾರದು ಅನ್ನುವ 2013ರ ಕಾನೂನು ಬಂದ ಮೇಲೂ ಮ್ಯಾನ್‌ಹೋಲಿಗೆ ಇಳಿದು ಜನ ಸಾಯುತ್ತಿದ್ದಾರೆ. ಆ ಕೆಲಸ ನಾಳೆಯೇ ಯಂತ್ರಕ್ಕೆ ಹೋಗಲಿ.

ಪ್ಲಂಬಿಂಗ್ ಹೀಗೇ ಇರುತ್ತದೆ ಅಂತ ಮಾತ್ರ ನಾನು ಹೇಳುವುದಿಲ್ಲ. ಮೊದಲು ಪೈಪಿಗೆ ಥ್ರೆಡ್ ಹಾಕುವುದೇ ಒಂದು ವಿದ್ಯೆಯಾಗಿತ್ತು. ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು ಬಂದು ಅಂಟು ಹಚ್ಚಿ ಕೂರಿಸಿದರೆ ಸಾಕು ಅಂತಾಯಿತು. ಇಡೀ ಬಾತ್‌ರೂಮನ್ನೇ ಕಾರ್ಖಾನೆಯಲ್ಲಿ ಜೋಡಿಸಿ ತಂದು ಕೂರಿಸುವ ಪದ್ಧತಿಯೂ ಇದೆ. ಹೊಸ ಕಟ್ಟಡದ ಸುಲಭದ ಕೆಲಸ ಕಡಿಮೆಯಾಗಬಹುದು. ರಿಪೇರಿ ಕೆಲಸಕ್ಕೆ ಮುಂದೆಯೂ ಜನ ಬೇಕು. ರಿಪೇರಿ ಮಾಡುವ ರೋಬೋಟ್ ಎಂದಾದರೂ ಬಂದರೂ, ಒಂದು ನಲ್ಲಿ ವಾಷರ್ ಹಾಕಲು ಪ್ಲಂಬರ್‌ಗಿಂತ ಅಗ್ಗಕ್ಕೆ ನಿಮ್ಮ ಮನೆಗೆ ಬರಬೇಕಲ್ವಾ? ನಿಮ್ಮ ಮಗನ ದುಡಿಮೆಯ ಕಾಲದಲ್ಲಿ ದಾವಣಗೆರೆಯಲ್ಲಿ ಅದು ಆಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಐಟಿಐನ ಪ್ಲಂಬರ್ ಕೋರ್ಸು ಒಂದು ವರ್ಷದ್ದು. ಜೊತೆಗೆ ಪಂಪಿನ ಸ್ಟಾರ್ಟರ್ ವೈರಿಂಗ್, ಸೋಲಾರ್ ಹೀಟರ್, ಪ್ರೆಷರ್ ಪಂಪು ಕಲಿಯಲಿ. ಚಿತ್ರದುರ್ಗದ ಕಡೆ ಕೆಲಸ ಸಿಕ್ಕರೆ ಬೋರ್‌ವೆಲ್ಲಿನ ಗಡಸು ನೀರು ಹೀಟರಿನೊಳಗೆ ಹೇಗೆ ಪದರ ಕಟ್ಟುತ್ತದೆ ಅಂತ ಬಿಚ್ಚಿ ನೋಡಲಿ. ಸರ್ಟಿಫಿಕೇಟ್ ಬಂದ ಮೇಲೆ ಹಳೇ ಮನೆಗಳ ರಿಪೇರಿ ಮಾಡುವ ಒಳ್ಳೆಯ ಮೇಸ್ತ್ರಿ ಜೊತೆ ಒಂದೆರಡು ವರ್ಷ ಕಳಿಸಿ. ಅಪಾರ್ಟ್‌ಮೆಂಟ್ ಸೈಟಿನಲ್ಲಿ ಶುರುವಿಗೇ ಕೂಲಿ ಜಾಸ್ತಿ ಸಿಗಬಹುದು. ಆದರೆ ಅಲ್ಲಿ ದಿನವಿಡೀ ಒಂದೇ ಅಳತೆಯ ಎಲ್ಬೋ (ಪೈಪು ತಿರುಗುವ ಕಡೆ ಹಾಕುವ ತುಂಡು) ಅಂಟಿಸುವ ಕೆಲಸ. ಯಂತ್ರ ಮೊದಲು ಕೈ ಹಾಕುವುದು ಅಲ್ಲಿಗೇ.