ಫೋರ್ಸ್ಡ್ ಸ್ವಿಮ್ ಟೆಸ್ಟ್‌ನ ಸ್ಕೋರಿಂಗನ್ನು ಸಾಫ್ಟ್‌ವೇರ್‌ಗೆ ಬಿಡಬಹುದೇ?

ಖಿನ್ನತೆ ನಿವಾರಕ ಔಷಧಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವ ಫೋರ್ಸ್ಡ್ ಸ್ವಿಮ್ ಟೆಸ್ಟ್‌ನಲ್ಲಿ (ಬಲವಂತದ ಈಜು ಪರೀಕ್ಷೆ) ಸ್ಟಾಪ್‌ವಾಚ್ ಹಿಡಿದು ಕೂರುವ ಬದಲು ಕ್ಯಾಮೆರಾ ಮತ್ತು ಸಾಫ್ಟ್‌ವೇರನ್ನು ನೆಚ್ಚಬಹುದೇ ಎಂದು ಕೇಳಿದ್ದೀರಿ. ನೆಚ್ಚಬಹುದು, ಆದರೆ ನಿಮ್ಮದೇ ಪ್ರಯೋಗಾಲಯದ ವಿಡಿಯೊಗಳ ಮೇಲೆ ಅದನ್ನು ಒರೆಗೆ ಹಚ್ಚಿದ ನಂತರ.

1977ರಲ್ಲಿ ಪೋರ್ಸೋಲ್ಟ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನದಲ್ಲಿ ಸುಂಡಿಲಿಯನ್ನು ನೀರು ತುಂಬಿದ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 6 ನಿಮಿಷ ಬಿಟ್ಟು, ಕೊನೆಯ 4 ನಿಮಿಷಗಳಲ್ಲಿ ಅದು ಎಷ್ಟು ಹೊತ್ತು ನಿಶ್ಚಲವಾಗಿ ತೇಲಿತೆಂದು ಅಳೆಯುತ್ತಾರೆ; ಈ ಹೊತ್ತು ತಗ್ಗಿದರೆ ಔಷಧ ಫಲಿಸಿದ ಸೂಚನೆಯೆಂದು ಓದುತ್ತಾರೆ. ಮೂಗನ್ನು ನೀರಿನ ಮೇಲಿಟ್ಟುಕೊಳ್ಳಲು ಅದು ಹಿಂಗಾಲನ್ನು ಮೆಲ್ಲಗೆ ಆಡಿಸಿದರೂ ಅನುಭವಿ ವೀಕ್ಷಕರು ಅದನ್ನು ನಿಶ್ಚಲತೆಯೆಂದೇ ಗಣಿಸುತ್ತಾರೆ. ಸರಳ ಸಾಫ್ಟ್‌ವೇರ್‌ಗಳಾದರೋ ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಎಷ್ಟು ಪಿಕ್ಸೆಲ್‌ಗಳು ಬದಲಾದವು ಎಂಬುದನ್ನಷ್ಟೇ ನೋಡುವುದರಿಂದ, ನೀರಿನ ಅಲೆ, ಗಾಜಿನ ಮೇಲೆ ಹೊಳೆಯುವ ಬೆಳಕು, ಕಾಲಾಡಿಸುವುದು ನಿಂತ ಮೇಲೂ ಹಿಂದಿನ ರಭಸಕ್ಕೆ ಸಾಗುವ ದೇಹ ಇವೆಲ್ಲವೂ ಚಲನೆಯ ಲೆಕ್ಕಕ್ಕೆ ಸೇರಿಬಿಡಬಹುದು.

ಆದ್ದರಿಂದ ಯಾವ ಪ್ರಾಣಿಗೆ ಯಾವ ಔಷಧ ಕೊಟ್ಟಿದೆ ಎಂದು ತಿಳಿಯದ ಇಬ್ಬರಿಂದ ಕೆಲವು ವಿಡಿಯೊಗಳನ್ನು ಸ್ಕೋರ್ ಮಾಡಿಸಿ, ಸಾಫ್ಟ್‌ವೇರಿನ ಅಂಕಿಗಳೊಡನೆ ಹೋಲಿಸಿ ನೋಡಿ. ಪರಸ್ಪರ ಸಂಬಂಧದ ಗುಣಾಂಕವೊಂದನ್ನೇ ನಂಬಬೇಡಿ. ಪ್ರತಿ ಪ್ರಾಣಿಗೂ 30 ಸೆಕೆಂಡು ಹೆಚ್ಚು ತೋರಿಸುವ ಸಾಫ್ಟ್‌ವೇರಿಗೂ ಆ ಗುಣಾಂಕ 1 ಬರುತ್ತದೆ. ಎಷ್ಟು ಬದಲಾವಣೆಯನ್ನು ಚಲನೆಯೆಂದು ಎಣಿಸಬೇಕೆಂಬ ಮಿತಿಯನ್ನು ಫಲಿತಾಂಶ ನೋಡುವ ಮೊದಲೇ ನಿಗದಿಪಡಿಸಿ, ಎಲ್ಲ ಗುಂಪುಗಳಿಗೂ ಅದನ್ನೇ ಉಳಿಸಿಕೊಳ್ಳಬೇಕು. ಈ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಸುಂಡಿಲಿಯನ್ನು ಬಾಲದಿಂದ ತೂಗುಹಾಕಿ ಇದೇ ರೀತಿ ನಿಶ್ಚಲತೆಯನ್ನು ಅಳೆಯುವ ಪರೀಕ್ಷೆಯಲ್ಲೂ ಮನುಷ್ಯರ ಕಣ್ಣು ಬೇಕೇ ಬೇಕು, ಏಕೆಂದರೆ ಸಿ57ಬಿಎಲ್/6 ತಳಿಯ ಹಲವು ಸುಂಡಿಲಿಗಳು ತಮ್ಮ ಬಾಲವನ್ನೇ ಹಿಡಿದು ಮೇಲೇರಿಬಿಡುತ್ತವೆ; ಆಗ ಸಾಫ್ಟ್‌ವೇರಿನ ಅಂಕಿ ದಾರಿ ತಪ್ಪಿಸಬಹುದು.

ನೀವು ಸುಂಡಿಲಿಗಳ ಬದಲು ದೊಡ್ಡ ಇಲಿಗಳನ್ನು (ರ್‍ಯಾಟ್) ಬಳಸುವುದಾದರೆ ನಿಶ್ಚಲತೆಯ ಒಂದೇ ಅಂಕಿ ಸಾಲದು. ಖಿನ್ನತೆ ನಿವಾರಕಗಳಲ್ಲಿ ಫ್ಲೂಆಕ್ಸೆಟಿನ್‌ನಂಥವು ಈಜುವುದನ್ನೂ ಡೆಸಿಪ್ರಮೈನ್ ಗೋಡೆ ಹತ್ತುವ ಯತ್ನವನ್ನೂ ಹೆಚ್ಚಿಸುತ್ತವೆ ಎಂಬುದನ್ನು ಡೆಟ್ಕೆ, ರಿಕಲ್ಸ್ ಮತ್ತು ಲಕಿ 1995ರಲ್ಲಿ ತೋರಿಸಿದರು. ಇವನ್ನು ಬೇರ್ಪಡಿಸಲು, 2018ರಲ್ಲಿ ಬಂದ, ವಿಡಿಯೊದಲ್ಲಿ ದೇಹದ ಭಾಗಗಳನ್ನು ಹಿಂಬಾಲಿಸುವ ಡೀಪ್‌ಲ್ಯಾಬ್‌ಕಟ್ ಎಂಬ ಸಾಫ್ಟ್‌ವೇರ್‌ನಿಂದ ಮೂಗು, ಪಂಜ, ಬಾಲದ ಬುಡಗಳನ್ನು ಗುರುತಿಸಿ, ಆ ಬಿಂದುಗಳ ಚಲನೆಯ ಮೇಲೆ ವರ್ಗೀಕರಣ ಮಾಡುವುದು ಒಳ್ಳೆಯ ದಾರಿ.

ಓಡಾಟವನ್ನೇ ಹೆಚ್ಚಿಸುವ ಕೆಫೀನ್, ಆಂಫೆಟಮೈನ್‌ಗಳೂ ನಿಶ್ಚಲತೆಯನ್ನು ತಗ್ಗಿಸಬಲ್ಲವು. ಓಪನ್ ಫೀಲ್ಡ್‌ನಲ್ಲಿ (ಪ್ರಾಣಿಯನ್ನು ಓಡಾಡಲು ಬಿಡುವ ತೆರೆದ ಅಂಕಣ) ಓಡಾಟವನ್ನು ಪ್ರತ್ಯೇಕವಾಗಿ ಅಳೆಯದೆ ಔಷಧ ಫಲಿಸಿತೆಂದು ಬರೆಯಬೇಡಿ. ಮೂಲ ವಿಡಿಯೊಗಳನ್ನೆಲ್ಲ ಕಾಪಾಡಿಡಿ. ನಾಳೆ ಉತ್ತಮ ಸಾಫ್ಟ್‌ವೇರ್ ಬಂದಾಗ ಅವುಗಳನ್ನೇ ಮತ್ತೆ ಸ್ಕೋರ್ ಮಾಡಬಹುದು. ಅದೇ ಪ್ರಶ್ನೆಗಾಗಿ ಇನ್ನಷ್ಟು ಪ್ರಾಣಿಗಳನ್ನು ನೀರಿಗಿಳಿಸಬೇಕಾಗುವುದಿಲ್ಲ.