ತೊಟ್ಟಿಕ್ಕುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ

ಪ್ರಶ್ನೆ: ಮನೆಯಲ್ಲಿ 1978ರ ಅಂಬಾಸಿಡರ್ ಮಾರ್ಕ್ 3 ಪೆಟ್ರೋಲ್ ಕಾರಿದೆ. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದ ಕೆಳಗೆ ಅಂಗೈ ಅಗಲದ ಎಣ್ಣೆ ನಿಂತಿರುತ್ತದೆ. ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಪ್ಯಾಕಿಂಗ್ ಎರಡು ಸಲ ಬದಲಾಯಿಸಿದ್ದಾಯಿತು. ಹಿಂದಿನ ಆಯಿಲ್ ಸೀಲ್ ಹೋಗಿದೆ, ಎಂಜಿನ್ ಇಳಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಇಳಿಸಲೇಬೇಕೆ?
– ಓದುಗರು, ಸಾಗರ

ಉತ್ತರ: ಸದ್ಯಕ್ಕೆ ಬೇಡ. ಕಂಪನಿಯಿಂದ ಬಂದ ಹಾಗೇ ಇದ್ದರೆ ನಿಮ್ಮ ಎಂಜಿನ್ನಿನ ಹಿಂಬದಿಯಲ್ಲಿ ಬದಲಾಯಿಸಲು ರಬ್ಬರ್ ಸೀಲೇ ಇಲ್ಲ. 1489 ಸಿಸಿಯ ಈ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸರಣಿಯದು, ಮೂರು ಮೇನ್ ಬೇರಿಂಗ್‌ಗಳದ್ದು. ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕಿನ ಹಿಂತುದಿಯಲ್ಲಿ ಥ್ರೆಡ್ಡಿನಂಥ ಗೀರು ಕೊರೆದಿರುತ್ತಾರೆ. ಕ್ರ್ಯಾಂಕ್ ತಿರುಗುವಾಗ ಆ ಗೀರು ಹೊರಗೆ ಬರಲು ನೋಡುವ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಎಂಜಿನ್ ನಿಂತ ಮೇಲೆ ತಳ್ಳುವವರಿಲ್ಲ, ಆದ್ದರಿಂದ ನಾಲ್ಕು ತೊಟ್ಟು ಬೀಳುವುದು ಅದರ ಹುಟ್ಟುಗುಣ. ಅಂಗೈ ಅಗಲ ಮಾತ್ರ ಹುಟ್ಟುಗುಣವಲ್ಲ.

ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವ ಕಾರಿನ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಹಾಗಾಗಿ ಈ ಎಂಜಿನ್ನಿನಲ್ಲಿ ಎಲ್ಲಿ ಸೋರಿದರೂ ಕೊನೆಗೆ ಬಂದು ಸೇರುವುದು ಎಂಜಿನ್ನೂ ಗೇರ್‌ಬಾಕ್ಸೂ ಕೂಡುವಲ್ಲಿನ ಗೂಡಾದ ಬೆಲ್ ಹೌಸಿಂಗ್‌ಗೇ. ತೊಟ್ಟಿಕ್ಕುವ ಜಾಗ ಬಿಡಿ, ಎಲ್ಲಕ್ಕಿಂತ ಮೇಲೆ ಒದ್ದೆಯಾಗಿರುವ ಜಾಗ ಹುಡುಕಿ. ಹುಡುಕುವ ಮೊದಲು ತೊಳೆಯಿರಿ: ಎಂಜಿನ್ ತಣ್ಣಗಿರುವಾಗ ಡಿಸ್ಟ್ರಿಬ್ಯೂಟರ್, ಡೈನಮೋಗಳಿಗೆ ಪ್ಲಾಸ್ಟಿಕ್ ಸುತ್ತಿ, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಅದ್ದಿ ಉಜ್ಜಿ, ಸೋಪಿನ ನೀರು ಹಾಕಿ, ಪೂರ್ತಿ ಒಣಗಲು ಬಿಡಿ. ಸೀಮೆಎಣ್ಣೆಯ ಪಸೆ ಇರುವಾಗ ಸ್ಟಾರ್ಟ್ ಮಾಡಲೇಬೇಡಿ. ಒಣಗಿದ ಮೇಲೆ ಬ್ಲಾಕಿನ ಎರಡೂ ಬದಿಗೆ, ಬೆಲ್ ಹೌಸಿಂಗ್‌ಗೆ ಮುಖದ ಪೌಡರನ್ನು ತೆಳ್ಳಗೆ ಉದುರಿಸಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಬಿಳಿ ಪೌಡರಿನ ಮೇಲೆ ಎಣ್ಣೆಯ ಕಂದು ಗೆರೆ ಎಲ್ಲಿಂದ ಹೊರಟಿದೆ ಎಂದು ಕಣ್ಣಿಗೆ ಕಾಣುತ್ತದೆ.

ನನ್ನ ಮೊದಲ ಅನುಮಾನ ಟ್ಯಾಪೆಟ್ ಕವರ್‌ಗಳ ಮೇಲೆ. ಬ್ಲಾಕಿನ ಎಡಬದಿ, ಗಾಳಿ, ಹೊಗೆ ಸಾಗುವ ಕೊಳವೆಯಾದ ಮ್ಯಾನಿಫೋಲ್ಡಿನ ಮರೆಯಲ್ಲಿ ತಗಡಿನ ಎರಡು ಮುಚ್ಚಳಗಳಿವೆ. ಒಂದೊಂದಕ್ಕೂ ನಡುವೆ ಒಂದೇ ಬೋಲ್ಟು, ಒಳಗೆ ಕಾರ್ಕ್ ಪ್ಯಾಕಿಂಗ್. ಸೈಲೆನ್ಸರಿನ ಕಡೆಯ ಬಿಸಿಗೆ ಕಾರ್ಕ್ ಹುರಿದ ಹಪ್ಪಳದಂತಾಗುತ್ತದೆ. ಸೋರುತ್ತಿದೆ ಎಂದು ಯಾರೋ ಬೋಲ್ಟನ್ನು ಇನ್ನಷ್ಟು ಬಿಗಿಯುತ್ತಾರೆ. ತಗಡಿನ ನಡುಭಾಗ ಒಳಕ್ಕೆ ಹೋಗಿ ಅಂಚು ಮೇಲೇಳುತ್ತದೆ, ಸೋರಿಕೆ ಎರಡರಷ್ಟಾಗುತ್ತದೆ. ಹಿಂದಿನ ಮುಚ್ಚಳ ಕೈಗೆ ಸಿಗುವುದು ಕಷ್ಟ, ಅದನ್ನೇ ಎಲ್ಲರೂ ಬಿಟ್ಟುಬಿಡುವುದು. ಮ್ಯಾನಿಫೋಲ್ಡ್ ಬಿಚ್ಚಿ, ಮುಚ್ಚಳ ತೆಗೆದು ಸಪಾಟಾದ ಗಾಜಿನ ಮೇಲಿಟ್ಟು ನೋಡಿ. ಅಂಚು ಎದ್ದಿದ್ದರೆ ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಸರಿಮಾಡಿ. ಹೊಸ ಕಾರ್ಕನ್ನು ಮುಚ್ಚಳದ ಕಡೆ ಮಾತ್ರ ಅಂಟಿಸಿ, ಬ್ಲಾಕಿನ ಕಡೆಗೆ ತೆಳ್ಳಗೆ ಗ್ರೀಸ್ ಸವರಿ. ಬೋಲ್ಟಿನ ತಲೆಯಡಿಯ ವಾಷರ್ ಕೂಡ ಹೊಸದಿರಲಿ, ಅಲ್ಲಿಂದಲೂ ಇಳಿಯುತ್ತದೆ. ಕಾರ್ಕ್ ಸ್ವಲ್ಪ ಅಮುಕಿದ್ದು ಕಂಡ ಕೂಡಲೇ ಸ್ಪಾನರ್ ಕೆಳಗಿಡಿ.

ಬಲಬದಿಯ ಹಿಂಭಾಗದಲ್ಲಿ ಆಯಿಲ್ ಫಿಲ್ಟರಿಗೆ ಹೋಗುವ ಪೈಪಿನ ಜಾಯಿಂಟ್‌ಗಳು, ಪ್ರೆಶರ್ ಗೇಜಿನ ಸಣ್ಣ ಪೈಪು – ಇವನ್ನೂ ನೋಡಿ. ಇಲ್ಲಿರುವುದು ಪ್ರೆಶರ್ ಎಣ್ಣೆ, ಕೂದಲೆಳೆಯಷ್ಟು ಸಂದು ಸಾಕು. ತಾಮ್ರದ ವಾಷರ್ ಹಳೆಯದಾದರೆ ಗಡುಸಾಗಿಬಿಡುತ್ತದೆ. ಹೊಸದು ಸಿಗದಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮತ್ತೆ ಮೆತ್ತಗಾಗುತ್ತದೆ. ಎಂಜಿನ್ನಿನ ನೆತ್ತಿಯ ಮುಚ್ಚಳವಾದ ರಾಕರ್ ಕವರಿನ ಹಿಂದಿನ ಮೂಲೆಯನ್ನು ಬೆರಳಾಡಿಸಿ ನೋಡಿದರೆ ಸಾಕು.

ಇಷ್ಟೆಲ್ಲ ಮಾಡಿಯೂ ಎರಡು ಮೂರು ಕಡೆ ಒಟ್ಟಿಗೆ ಒಸರುತ್ತಿದ್ದರೆ ತಪ್ಪು ಪ್ಯಾಕಿಂಗಿನದಲ್ಲ, ಒಳಗಿನ ಗಾಳಿಯದು. ಪಿಸ್ಟನ್ ರಿಂಗ್ ಸವೆದು, ಕ್ರ್ಯಾಂಕ್ ತಿರುಗುವ ಗೂಡಾದ ಕ್ರ್ಯಾಂಕ್‌ಕೇಸಿಗೆ ಇಳಿದ ಗ್ಯಾಸು ಬ್ರೀದರ್ ಪೈಪಿನಿಂದ ಹೊರಹೋಗಬೇಕು. ಮುಂದಿನ ಟ್ಯಾಪೆಟ್ ಕವರಿನಿಂದ ಕೆಳಕ್ಕಿಳಿಯುವ ಪೈಪು, ರಾಕರ್ ಕವರಿನಿಂದ ಏರ್ ಕ್ಲೀನರಿಗೆ ಹೋಗುವ ಪೈಪು, ಎರಡನ್ನೂ ಬಿಚ್ಚಿ ಬಾಯಿಯಿಂದ ಊದಿ ನೋಡಿ. ಹಳೆಯ ಮಡ್ಡಿ ಕಟ್ಟಿಕೊಂಡಿದ್ದರೆ ಗ್ಯಾಸು ಸಿಕ್ಕ ಸಂದಿನಿಂದ ಎಣ್ಣೆಯನ್ನು ಹೊತ್ತುಕೊಂಡೇ ಹೊರಡುತ್ತದೆ, ಕ್ರ್ಯಾಂಕಿನ ಹಿಂದಿನ ಗೀರಿಗೂ ಅದನ್ನು ತಡೆಯಲಾಗದು. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆಯಿರಿ. ಹೊಗೆ ಬುಸುಬುಸು ಎಂದು ಎದ್ದರೆ ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ನೋಡಬೇಕು.

ಅಂದ ಹಾಗೆ, ಡಿಪ್‌ಸ್ಟಿಕ್ಕಿನ ಮೇಲಿನ ಗುರುತು ದಾಟಿಸಿ ಎಣ್ಣೆ ಹಾಕುವ ಚಟ ಇದ್ದರೆ ಬಿಡಿ. ಪ್ಯಾಕಿಂಗಿಗೆ ಸಿಲಿಕೋನ್ ಮೆತ್ತುವುದೂ ಬೇಡ: ಒಳಕ್ಕೆ ಉಬ್ಬಿದ ಭಾಗ ಕಿತ್ತು ಬಂದು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂರುತ್ತದೆ.

ಟ್ಯಾಪೆಟ್ ಕವರ್, ಪೈಪು, ಬ್ರೀದರ್ ಎಲ್ಲ ಸರಿಯಿದ್ದು, ಮೇಲೆ ಪೌಡರ್ ಒಣಗಿಯೇ ಇದ್ದು, ಬೆಲ್ ಹೌಸಿಂಗ್ ಅಡಿಯ ಸಣ್ಣ ತೂತಿನಿಂದ ಮಾತ್ರ ಎಣ್ಣೆ ಬರುತ್ತಿದ್ದರೆ ಆಗ ಇಳಿಸಿ. ಇಳಿಸಿದಾಗ ಹಿಂದಿನ ಮೇನ್ ಬೇರಿಂಗಿನ ಸವೆತ, ಬೇರಿಂಗ್ ಕ್ಯಾಪಿನ ಬದಿಯ ಕಾರ್ಕ್, ಎಂಜಿನ್ನಿನ ಹಿಂದಿನ ಪ್ಲೇಟಿನ ಪ್ಯಾಕಿಂಗ್ ಮೂರನ್ನೂ ಒಟ್ಟಿಗೆ ಮುಗಿಸಿಕೊಳ್ಳಿ.

ಪ್ರಶ್ನೆ: ಎಜ್ಡಿ 250 ಬೈಕಿನ ಗೇರ್‌ಬಾಕ್ಸ್ ಆಯಿಲ್ ತಿಂಗಳಿಗೊಮ್ಮೆ ಕಡಿಮೆಯಾಗುತ್ತದೆ. ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಹೊಗೆ ಜಾಸ್ತಿ. ಎಲ್ಲಿ ಹೋಗುತ್ತಿದೆ?
– ಓದುಗರು, ಮೈಸೂರು

ಉತ್ತರ: ಸೈಲೆನ್ಸರಿನಿಂದ ಹೋಗುತ್ತಿದೆ. ನಿಮ್ಮೂರಿನಲ್ಲೇ ತಯಾರಾದ ಈ ಗಾಡಿ ಟೂ ಸ್ಟ್ರೋಕ್. ಅದರ ಕ್ರ್ಯಾಂಕ್‌ಕೇಸು ಒಮ್ಮೆ ಎಳೆಯುತ್ತದೆ, ಒಮ್ಮೆ ತಳ್ಳುತ್ತದೆ. ಎಡಗಡೆ ಕ್ಲಚ್ ಬದಿಯಲ್ಲಿ ಕ್ರ್ಯಾಂಕಿನ ಸೀಲ್ ಸವೆದರೆ ಅದು ಎಳೆಯುವಾಗ ಕ್ಲಚ್ ಕಡೆಯ ಎಣ್ಣೆಯೂ ಒಳಗೆ ಹೋಗಿ ಉರಿಯುತ್ತದೆ. ಪೆಟ್ರೋಲಿಗೆ ಬೆರೆಸುವ ಟೂ-ಟಿ ಆಯಿಲ್ ಅಳತೆ ಸರಿಯಿದ್ದೂ ಪ್ಲಗ್ ಕಪ್ಪಾಗಿ ಒದ್ದೆಯಾಗುತ್ತಿದ್ದರೆ ಅನುಮಾನವೇ ಬೇಡ. ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ಅಳೆದು, ಹೊಸದು ತುಂಬಿ, ಕಿಲೋಮೀಟರ್ ಬರೆದಿಡಿ. ಮುನ್ನೂರು ಕಿಲೋಮೀಟರಿಗೆ ಮತ್ತೆ ಇಳಿಸಿ ಅಳೆದರೆ ಎಷ್ಟು ಕುಡಿದಿದೆ ಎಂಬ ಲೆಕ್ಕ ಸಿಗುತ್ತದೆ. ಸೀಲ್ ಹಾಕಿಸುವಾಗ ಕ್ರ್ಯಾಂಕ್ ಶಾಫ್ಟಿನ ಮೇಲೆ ಉಗುರು ಆಡಿಸಿ ನೋಡಿ. ಹಳೇ ಸೀಲ್ ಕೊರೆದ ಗೆರೆಗೆ ಉಗುರು ಸಿಕ್ಕಿದರೆ ಬೇರಿಂಗ್ ಅಲ್ಲಾಡುತ್ತಿದೆಯೇ ಎಂದೂ ಪರೀಕ್ಷಿಸಿ. ಅಲ್ಲಾಡುವ ಕ್ರ್ಯಾಂಕಿಗೆ ಎಂಥ ಸೀಲ್ ಹಾಕಿದರೂ ಬಾಳುವುದಿಲ್ಲ.

ಪ್ರಶ್ನೆ: ಹಳೇ ಕಾಸ್ಟ್ ಐರನ್ ಬುಲೆಟ್ಟನ್ನು ಹದಿನೈದು ದಿನ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಬ್ರೀದರ್ ಪೈಪು ಎಣ್ಣೆ ಕಕ್ಕುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಕಾಣದ್ದಕ್ಕೆ ಅರ್ಧ ಲೀಟರ್ ಹಾಕಿದ್ದೆ.
– ಓದುಗರು, ಹಾವೇರಿ

ಉತ್ತರ: ಹಾಕಿದ್ದೇ ತಪ್ಪಾಯಿತು. ಎಣ್ಣೆ ಖಾಲಿಯಾಗಿರಲಿಲ್ಲ. ಸವೆದ ಪಂಪಿನ ಮೂಲಕ ಎಂಜಿನ್ ಆಯಿಲ್ ಟ್ಯಾಂಕ್ ಭಾಗದಿಂದ ಕ್ರ್ಯಾಂಕ್‌ಕೇಸಿಗೆ ಇಳಿದು ಕೂತಿತ್ತು. ಬಹಳ ದಿನ ನಿಂತ ಗಾಡಿಯ ಕ್ರ್ಯಾಂಕ್‌ಕೇಸ್ ಪ್ಲಗ್ ಬಿಚ್ಚಿ, ಬಂದ ಎಣ್ಣೆಯನ್ನು ಶುದ್ಧ ಡಬ್ಬಿಯಲ್ಲಿ ಹಿಡಿದು ಆಯಿಲ್ ಟ್ಯಾಂಕಿಗೇ ವಾಪಸ್ ಹಾಕಿ, ಆಮೇಲೆ ಕಿಕ್ ಹೊಡೆಯಿರಿ. ಡಿಪ್‌ಸ್ಟಿಕ್ ನೋಡುವುದು ಐದು ನಿಮಿಷ ಓಡಿಸಿದ ಮೇಲೆ. ಎರಡೇ ದಿನಕ್ಕೆ ಹೀಗಾಗತೊಡಗಿದರೆ ಪಂಪ್ ಬಿಚ್ಚಿಸಿ, ಡಿಸ್ಕು ಕೂರುವ ಮುಖವನ್ನು ನುಣ್ಣನೆಯ ಪೇಸ್ಟಿನಲ್ಲಿ ತಿಕ್ಕಿ ಕೂರಿಸಬೇಕು.