ಮೈ ಬರುತ್ತೆ, ಕಣ್ಣು ಬರಬೇಕಲ್ಲ!

ಪ್ರಶ್ನೆ: ಮಾಸ್ಟ್ರೇ, ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ದಿನವೂ ಇದೇ ಜಗಳ. ಒಂದು ಆಟದಲ್ಲಿ ಜಗತ್ತಿಗೇ ಮೊದಲಿಗನಾದವನು ಇನ್ನೊಂದು ಆಟಕ್ಕೆ ಹೋದರೂ ಗೆಲ್ಲುತ್ತಾನೆ ಅಂತ ನನ್ನ ವಾದ. ಎಬಿ ಡಿವಿಲಿಯರ್ಸ್ ಹಾಕಿ, ಫುಟ್‌ಬಾಲ್, ಬ್ಯಾಡ್ಮಿಂಟನ್, ಈಜು ಎಲ್ಲದರಲ್ಲೂ ಜೂನಿಯರ್ ಮಟ್ಟದಲ್ಲಿ ಮಿಂಚಿದ್ದರಂತಲ್ಲ? ಗೆಳೆಯರು ಒಪ್ಪುತ್ತಿಲ್ಲ. ನೀವೇ ತೀರ್ಪು ಹೇಳಿ.
– ಓದುಗರು, ದಾವಣಗೆರೆ

ಉತ್ತರ: ಮೊದಲು ಎಬಿ ವಿಷಯ ಮುಗಿಸೋಣ. ಆ ಪಟ್ಟಿ ನನ್ನ ಫೋನಿಗೂ ಎಷ್ಟೋ ಸಲ ಬಂದಿದೆ. ಅದರಲ್ಲಿ ಬಹಳಷ್ಟು ನಿಜವಲ್ಲ. ಅವರೇ ತಮ್ಮ ಆತ್ಮಕಥೆಯಲ್ಲಿ ಅದನ್ನು ಅಲ್ಲಗಳೆದಿದ್ದಾರೆ. ಹೈಸ್ಕೂಲಿನಲ್ಲಿ ಹಾಕಿ ಆಡಿದ್ದು ಒಂದೇ ವರ್ಷ. ಫುಟ್‌ಬಾಲ್ ಅಂದರೆ ಶಾಲೆಯ ಬಿಡುವಿನಲ್ಲಿ ಸುಮ್ನೆ ಚೆಂಡು ಒದ್ದದ್ದು. ಇದರಿಂದ ಅವರ ಬ್ಯಾಟಿಂಗ್‌ಗೆ ಏನೂ ಕಡಿಮೆ ಆಗಲಿಲ್ಲ. ಚಿನ್ನಸ್ವಾಮಿಯಲ್ಲಿ ಆ ಹೊಡೆತ ನೋಡಿದವರಿಗೆ ಸುಳ್ಳು ಪಟ್ಟಿ ಯಾಕೆ ಬೇಕು?

ಈಗ ನಿಮ್ಮ ವಾದ. 31 ವರ್ಷ ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟರ್ ಆಗಿದ್ದೆ. ಒಂದು ಆಟದ ಮಕ್ಕಳನ್ನು ಇನ್ನೊಂದಕ್ಕೆ ಹಾಕಿ ನೋಡುವುದು ನಮಗೆ ಅನಿವಾರ್ಯ. ತಾಲ್ಲೂಕು ಕ್ರೀಡಾಕೂಟಕ್ಕೆ ತಂಡ ಕಟ್ಟಬೇಕು, ಇರುವುದೇ ನಾಲ್ಕು ಮಕ್ಕಳು. ಹಾಗೆ ಹಾಕಿ ಹಾಕಿ ನಾನು ಕಂಡುಕೊಂಡದ್ದು ಇಷ್ಟೇ: ಮೈ ಹೊಸ ಆಟಕ್ಕೆ ಬರುತ್ತದೆ, ಕಣ್ಣು ಬರುವುದಿಲ್ಲ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. 100 ಮೀಟರ್‌ನಲ್ಲಿ ತಾಲ್ಲೂಕಿಗೆ ಫಸ್ಟ್. ಕಬಡ್ಡಿ ತಂಡಕ್ಕೆ ಸೇರಿಸಿ ಸರ್ ಅಂತ ದುಂಬಾಲು ಬಿದ್ದ. ಇಷ್ಟು ವೇಗ ಇರುವವನನ್ನು ಯಾರು ಹಿಡಿದಾರು ಅಂತ ನಾನೂ ಆಸೆಪಟ್ಟೆ. ಮೊದಲ ರೈಡ್‌ಗೆ ಹೋದ. ಅವನ ಕಣ್ಣು ಎದುರಿನವರ ಮುಖದ ಮೇಲೆ, ಕೈಯ ಮೇಲೆ. ಎಡ ಕಾರ್ನರ್‌ನಲ್ಲಿದ್ದ ಹುಡುಗ ಎಲ್ಲರಿಗಿಂತ ಸಣ್ಣವನು. ಅವನು ಸುಮ್ನೆ ನಿಂತಿದ್ದ, ಹಿಮ್ಮಡಿ ಮಾತ್ರ ನೆಲದಿಂದ ಒಂದಿಷ್ಟು ಮೇಲೆದ್ದಿತ್ತು. ಕಬಡ್ಡಿ ಆಡಿದ ಯಾರಿಗಾದರೂ ಅಷ್ಟು ಸಾಕು, ಅವನು ಕಾಲು ಹಿಡಿಯಲು ನುಗ್ಗುತ್ತಾನೆ ಅಂತ ಗೊತ್ತಾಗಿಬಿಡುತ್ತೆ. ನಮ್ಮ ಓಟಗಾರನಿಗೆ ಕಾಣಲಿಲ್ಲ. ಬೋನಸ್ ಗೆರೆಗೆ ಕಾಲಿಡುವಷ್ಟರಲ್ಲಿ ಕಣಕಾಲು ಆ ಸಣ್ಣ ಹುಡುಗನ ಎರಡು ಕೈಯೊಳಗಿತ್ತು. ಆವತ್ತು ಆರು ರೈಡ್, ಐದು ಸಲ ಅದೇ ಕಾಲು, ಅದೇ ಹುಡುಗ. ವೇಗ ಎಲ್ಲಿಗೂ ಹೋಗಿರಲಿಲ್ಲ. ಯಾವಾಗ ಓಡಬೇಕು ಅಂತ ಹೇಳುವ ಕಣ್ಣು ಇರಲಿಲ್ಲ.

ಮೈಕಲ್ ಜೋರ್ಡನ್‌ಗೆ ಆದದ್ದೂ ಇದೇ. 1993ರ ಜುಲೈನಲ್ಲಿ ಅವರ ತಂದೆಯ ಕೊಲೆಯಾಯಿತು. ಮಗ ಬೇಸ್‌ಬಾಲ್ ಆಡಬೇಕು ಅನ್ನುವುದು ಆ ತಂದೆಯ ಆಸೆ. ಅಕ್ಟೋಬರ್‌ನಲ್ಲಿ ಜೋರ್ಡನ್ ಬಾಸ್ಕೆಟ್‌ಬಾಲ್ ಬಿಟ್ಟರು, 1994ರಲ್ಲಿ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ಅನ್ನುವ ಕೆಳ ದರ್ಜೆಯ ತಂಡದಲ್ಲಿ ಬೇಸ್‌ಬಾಲ್ ಆಡಿದರು. ಜನ ಅದನ್ನು ಸೋಲು ಅಂತ ಒಂದೇ ಮಾತಲ್ಲಿ ತಳ್ಳಿಹಾಕುತ್ತಾರೆ. ಅಂಕಿ ಸ್ವಲ್ಪ ನೋಡಿ. 127 ಪಂದ್ಯ. ಎದುರಾಳಿ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಕದ್ದು ಓಡಿ ತಲುಪಿದ್ದು 30 ಸಲ. ಚೆಂಡು ತಾಗಿಸಲಾಗದೆ ಸ್ಟ್ರೈಕ್‌ಔಟ್ ಆದದ್ದು 114 ಸಲ. ಸರಾಸರಿ .202, ಅಂದರೆ ಐದಕ್ಕೆ ಒಂದು ಹೊಡೆತ. ಆ 30 ಕಾಲಿನದು, ಆ 114 ಕಣ್ಣಿನದು. ಶುರುವಿನಲ್ಲಿ ಸತತ 13 ಪಂದ್ಯಗಳಲ್ಲಿ ಚೆಂಡಿಗೆ ಹೊಡೆದಿದ್ದರು. ಆಮೇಲೆ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ತಿರುವು ಎಸೆತ ಹಾಕಲು ಶುರು ಮಾಡಿದರು, ಅಲ್ಲಿ ಸಿಕ್ಕಿಬಿದ್ದರು. ಚಿಕ್ಕಂದಿನಿಂದ ಅದೇ ಎಸೆತ ನೋಡುತ್ತಾ ಬೆಳೆದ ಹುಡುಗರ ಎದುರು, 31ನೇ ವಯಸ್ಸಿನಲ್ಲಿ ಮಧ್ಯಮ ದರ್ಜೆಯ ಆಟಗಾರನಾಗಿ ಒಂದು ಇಡೀ ಸೀಸನ್ ದಾಟಿಸಿದ್ದು ನನ್ನ ಲೆಕ್ಕದಲ್ಲಿ ಸಣ್ಣ ಸಾಧನೆ ಅಲ್ಲ.

ಕಣ್ಣು ಅಂದರೆ ದೃಷ್ಟಿ ಅಲ್ಲ, ಗಮನಿಸಿ. 2004ರಲ್ಲಿ ಅಮೆರಿಕದಲ್ಲಿ ಒಂದು ಪ್ರದರ್ಶನ ಪಂದ್ಯ ನಡೆಯಿತು. ಬೇಸ್‌ಬಾಲ್‌ನ ದೊಡ್ಡ ಹೊಡೆತಗಾರ ಆಲ್ಬರ್ಟ್ ಪುಹೋಲ್ಸ್ ಎದುರಿಗೆ ಸಾಫ್ಟ್‌ಬಾಲ್‌ನ ಜೆನ್ನಿ ಫಿಂಚ್ ಚೆಂಡು ಎಸೆದರು. ಸಾಫ್ಟ್‌ಬಾಲ್ ದೊಡ್ಡದು, ವೇಗವೂ ಕಡಿಮೆ. ಆದರೆ ಹತ್ತಿರದಿಂದ, 43 ಅಡಿಯಿಂದ ಎಸೆಯುವುದರಿಂದ ಬ್ಯಾಟ್ ಬೀಸಲು ಸಿಗುವ ಹೊತ್ತು ಬೇಸ್‌ಬಾಲ್‌ನಲ್ಲಿ ಸಿಗುವಷ್ಟೇ. ಪುಹೋಲ್ಸ್‌ಗೆ ತಾಗಿಸಲಾಗಲಿಲ್ಲ. ಯಾಕೆ? ಅವರು ಇಷ್ಟು ವರ್ಷ ನೋಡಿದ್ದು ಬರೀ ಚೆಂಡನ್ನಲ್ಲ. ಮೇಲಿನಿಂದ ಬರುವ ಭುಜ, ಮೊಣಕೈ, ಬೆರಳು ನೋಡಿ ಚೆಂಡು ಎಲ್ಲಿಗೆ ಬರುತ್ತೆ ಅಂತ ಮೊದಲೇ ಓದುತ್ತಿದ್ದರು. ಫಿಂಚ್ ಕೈ ಕೆಳಗಿನಿಂದ ಬಂತು. ಅದು ಅವರಿಗೆ ಓದಲು ಬಾರದ ಲಿಪಿ. ನಮ್ಮ ಬಿ.ಎಸ್. ಚಂದ್ರಶೇಖರ್ ಅವರನ್ನೇ ನೆನಪಿಸಿಕೊಳ್ಳಿ. ಪೋಲಿಯೊ ತಾಗಿದ ಆ ಬಲಗೈ ಬೇರೆ ಯಾರ ಕೈಯ ಹಾಗೂ ತಿರುಗುತ್ತಿರಲಿಲ್ಲ. 1971ರಲ್ಲಿ ಓವಲ್‌ನಲ್ಲಿ ಇಂಗ್ಲೆಂಡಿನವರು 38 ರನ್ನಿಗೆ 6 ವಿಕೆಟ್ ಕೊಟ್ಟದ್ದು ಆ ಕೈಗೆ.

ಹಾಗಾದರೆ ಗೆದ್ದವರೇ ಇಲ್ವಾ? ಇದ್ದಾರೆ. ಟೆನಿಸ್‌ನ ಆಶ್ಲಿ ಬಾರ್ಟಿ 19ನೇ ವಯಸ್ಸಿಗೆ ಟೆನಿಸ್ ಸಾಕಾಗಿ ಕ್ರಿಕೆಟ್‌ಗೆ ಬಂದರು. ಅದುವರೆಗೆ ತಂಡ ಕಟ್ಟಿ ಕ್ರಿಕೆಟ್ ಆಡಿದವರೇ ಅಲ್ಲ. 2015ರ ಡಿಸೆಂಬರ್‌ನಲ್ಲಿ ಬ್ರಿಸ್ಬೇನ್ ಹೀಟ್ ಪರ ಮೊದಲ ಪಂದ್ಯದಲ್ಲೇ 27 ಎಸೆತಕ್ಕೆ 39 ರನ್. ಬರುವ ಚೆಂಡನ್ನು ಓದಿ ಹೊಡೆಯುವುದು ಟೆನಿಸ್‌ನಲ್ಲೂ ಅದೇ ಕೆಲಸ ಅಲ್ವಾ, ಅವರ ಕಣ್ಣು ಅರ್ಧದಾರಿ ಮೊದಲೇ ಬಂದಿತ್ತು. ಆಮೇಲೆ ಟೆನಿಸ್‌ಗೆ ಮರಳಿ ಫ್ರೆಂಚ್ ಓಪನ್, ವಿಂಬಲ್ಡನ್, ಆಸ್ಟ್ರೇಲಿಯನ್ ಓಪನ್ ಗೆದ್ದರು. ನಮ್ಮ ಆರ್‌ಸಿಬಿ ಹುಡುಗಿಯರ ಜೊತೆ ಕಪ್ ಎತ್ತಿದ ಎಲಿಸ್ ಪೆರಿ ಕ್ರಿಕೆಟ್ ಮತ್ತು ಫುಟ್‌ಬಾಲ್ ಎರಡರಲ್ಲೂ ವಿಶ್ವಕಪ್ ಆಡಿದವರು. ಆದರೆ ಅವರು ಒಂದರಿಂದ ಇನ್ನೊಂದಕ್ಕೆ ಹೋದವರಲ್ಲ, ಎರಡನ್ನೂ ಚಿಕ್ಕಂದಿನಿಂದ ಒಟ್ಟಿಗೆ ಆಡಿದವರು. 16ನೇ ವಯಸ್ಸಿನಲ್ಲೇ ಎರಡೂ ತಂಡಕ್ಕೆ ಬಂದರು.

ಇನ್ನು ಹೆಲೆನ್ ಗ್ಲೋವರ್ ನನಗೆ ಬಹಳ ಇಷ್ಟ, ಅವರೂ ಪಿ.ಟಿ. ಟೀಚರ್! ಬ್ರಿಟನ್‌ನವರು ತಮ್ಮಲ್ಲೇ ನಡೆಯುವ ಒಲಿಂಪಿಕ್ಸ್‌ಗೆ ಮುಂಚೆ ದೋಣಿ ಓಟದಂಥ ಆಟಗಳಿಗೆ ಎತ್ತರದ ಆಟಗಾರರನ್ನು ಹುಡುಕಿದರು. ಗ್ಲೋವರ್ ಎತ್ತರ ಸ್ವಲ್ಪ ಕಡಿಮೆ. ಅಳತೆ ಮಾಡುವಾಗ ತುದಿಗಾಲಲ್ಲಿ ನಿಂತು ಒಳಗೆ ಬಂದರು. 2008ರಲ್ಲಿ ಮೊದಲ ಸಲ ಹುಟ್ಟು ಹಾಕಲು ಕಲಿತವರು 2012ರಲ್ಲಿ ಲಂಡನ್‌ನಲ್ಲಿ, 2016ರಲ್ಲಿ ರಿಯೊದಲ್ಲಿ ಚಿನ್ನ ಗೆದ್ದರು. ದೋಣಿ ಓಟದಲ್ಲಿ ಎದುರಾಳಿಯ ಕೈ ಓದುವ ಕೆಲಸ ಇಲ್ಲ. ಮೈ, ಶ್ವಾಸ, ಹಟ ಇದ್ದರೆ ನಾಲ್ಕು ವರ್ಷದಲ್ಲಿ ದಾರಿ ಸಿಗುತ್ತದೆ.

ನಾನು ಮಕ್ಕಳನ್ನು ಆಟ ಬದಲಿಸುವಾಗ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಇದೇ: ಈ ಆಟ ನಮ್ಮ ಕೈಯಿಂದ ಶುರುವಾಗುತ್ತದಾ, ಎದುರಾಳಿಯ ಕೈಯಿಂದಲಾ? ನಮ್ಮ ಕೈಯಿಂದ ಶುರುವಾದರೆ ಧೈರ್ಯ ಮಾಡಬಹುದು. ವಾಲಿಬಾಲ್‌ನಲ್ಲಿ ಸ್ಮ್ಯಾಶ್ ಹೊಡೆಯುತ್ತಿದ್ದ ಒಬ್ಬ ಹುಡುಗಿಗೆ ಬಿದಿರಿನ ಜಾವೆಲಿನ್ ಕೊಟ್ಟೆ. ಮೊದಲ ಎಸೆತದಲ್ಲಿ ಬಾಲವೇ ಮೊದಲು ನೆಲಕ್ಕೆ ತಾಗಿತು. ಮೂರು ತಿಂಗಳಿಗೆ ತಾಲ್ಲೂಕಿನಲ್ಲಿ ಎರಡನೇ ಸ್ಥಾನ, ಮರುವರ್ಷ ಜಿಲ್ಲೆಗೆ ಹೋದಳು. ಭುಜ ಮೊದಲೇ ತಯಾರಿತ್ತು, ಹಿಡಿತ ಮತ್ತು ಅಡ್ಡ ಹೆಜ್ಜೆ ಅಷ್ಟೇ ಕಲಿಸಿದ್ದು.

ಆದ್ದರಿಂದ ನಿಮ್ಮ ಜಗಳಕ್ಕೆ ತೀರ್ಪು: ನೀವು ಅರ್ಧ ಸರಿ. ಗೆಳೆಯರ ಪಾಲು ಸ್ವಲ್ಪ ಜಾಸ್ತಿ.

ಪ್ರಶ್ನೆ: ನಮ್ಮ ಕಂಬಳದ ಓಟಗಾರ ಉಸೇನ್ ಬೋಲ್ಟ್‌ಗಿಂತ ವೇಗ ಅಂತ ಆಗ ಎಲ್ಲ ಪೇಪರ್‌ನಲ್ಲೂ ಬಂತು. ಒಲಿಂಪಿಕ್ಸ್‌ಗೆ ಯಾಕೆ ಕಳಿಸಲಿಲ್ಲ? ಹಳ್ಳಿಯವರು ಅಂತಲಾ?
– ಓದುಗರು, ಬಂಟ್ವಾಳ

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ನಾನೂ ಕರೆಯ (ಕೋಣ ಓಡುವ ಕೆಸರಿನ ಓಟದ ದಾರಿಯ) ಬದಿಯಲ್ಲಿ ರಾತ್ರಿಯಿಡೀ ನಿಂತು ಕೋಣ ನೋಡಿದವನು. ಆದರೆ ಇದರಲ್ಲಿ ಹಾಗೆ ಆಗಲಿಲ್ಲ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಅದನ್ನು ಭಾಗಿಸಿ 100 ಮೀಟರ್‌ಗೆ 9.55 ಅಂದರು. ಬೋಲ್ಟ್ ದಾಖಲೆ 9.58. ಅಷ್ಟರಲ್ಲಿ ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು. ಬೇಡ ಅಂದದ್ದು ಗೌಡರೇ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕ್‌ನಲ್ಲಿ ಬೆರಳ ತುದಿಯ ಕೆಲಸ, ಕೋಣಗಳಿಗೂ ಓಟದಲ್ಲಿ ಪಾಲಿದೆ ಅಂತ ಅವರು ಹೇಳಿದರು. ಎಷ್ಟೋ ಕೋಚ್‌ಗಳು ಒಂದು ಪುಟ ಬರೆದು ಹೇಳುವುದನ್ನು ಎರಡು ಮಾತಲ್ಲಿ ಮುಗಿಸಿದರು!

ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದನ್ನು ಬಿಡಿಸಿ ನೋಡಿ. ಮೊದಲ 20 ಮೀಟರ್‌ಗೆ 2.89 ಸೆಕೆಂಡ್. 60ರಿಂದ 80ರ ನಡುವಿನ 20 ಮೀಟರ್‌ಗೆ ಬರೀ 1.61. ಆ ಮೊದಲ 20 ಮೀಟರ್‌ನಲ್ಲಿ ತನ್ನ ಮೈಯನ್ನು ತಾನೇ ತಳ್ಳಿಕೊಳ್ಳಬೇಕು, ಎಳೆಯುವವರು ಇಲ್ಲ. ಕಂಬಳದಲ್ಲಿ ಮುಂದೆ ಜೋಡಿ ಕೋಣ ಎಳೆಯುತ್ತಿರುತ್ತದೆ. ಕಾಲ ಕೆಳಗೆ ಕೆಸರು, ಕೈಯಲ್ಲಿ ಹಗ್ಗ. ಆ ಎಳೆತಕ್ಕೆ ಬೀಳದೆ ಹೆಜ್ಜೆ ಕೂಡಿಸುವುದು ಬೇರೆಯದೇ ವಿದ್ಯೆ. ಬೋಲ್ಟ್‌ನ ಕೈಗೆ ಹಗ್ಗ ಕೊಟ್ಟರೆ ಹತ್ತು ಮೀಟರ್‌ನಲ್ಲಿ ಮುಗ್ಗರಿಸುತ್ತಾರೆ ಅಂತ ನನ್ನ ನಂಬಿಕೆ. 2018ರಲ್ಲಿ ಅವರು ಆಸ್ಟ್ರೇಲಿಯದ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್ ಫುಟ್‌ಬಾಲ್ ತಂಡಕ್ಕೆ ಹೋಗಿ ಸ್ನೇಹ ಪಂದ್ಯದಲ್ಲಿ ಎರಡು ಗೋಲು ಹೊಡೆದರೂ, ಒಪ್ಪಂದ ಕುದುರದೆ ಹೊರಬಂದರು. ಗೌಡರ ಸಾಧನೆ ಕಂಬಳದ್ದೇ ಆಗಿ ಉಳಿಯಲಿ. ಅದನ್ನು ಅಳೆಯಲು ಜಮೈಕಾದವರ ಗಡಿಯಾರ ಬೇಡ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸ್. ಖೋ ಖೋದಲ್ಲಿ ಚೆನ್ನಾಗಿ ಆಡುತ್ತಾಳೆ. ಇವಳು ಅಥ್ಲೆಟಿಕ್ಸ್‌ಗೆ ಹೋದರೆ ಭವಿಷ್ಯ ಜಾಸ್ತಿ ಅಂತ ಒಬ್ಬರು ಹೇಳಿದ್ದಾರೆ. ಖೋ ಖೋ ಬಿಡಿಸಲಾ?
– ತಾಯಿ, ತಿಪಟೂರು

ಉತ್ತರ: ಬಿಡಿಸಬೇಡಿ ತಾಯೀ, ಈಗಲೇ ಬೇಡ. 1936ರಲ್ಲಿ ಮದರಾಸಿನ ಎಂ.ಜೆ. ಗೋಪಾಲನ್ ಅವರಿಗೆ ಎರಡು ದಾರಿ ಇತ್ತು. ಬರ್ಲಿನ್ ಒಲಿಂಪಿಕ್ಸ್‌ನ ಹಾಕಿ, ಇಲ್ಲವೇ ಇಂಗ್ಲೆಂಡಿನ ಕ್ರಿಕೆಟ್ ಪ್ರವಾಸ. ಕ್ರಿಕೆಟ್ ಆರಿಸಿದರು. ಅಲ್ಲಿ ಒಂದೂ ಟೆಸ್ಟ್ ಆಡಲು ಸಿಗಲಿಲ್ಲ, ಹಾಕಿ ತಂಡ ಚಿನ್ನ ತಂತು. ಅದೇ ಪ್ರವಾಸದಲ್ಲಿ ಸಿ. ರಾಮಸ್ವಾಮಿ ಅನ್ನುವವರೂ ಇದ್ದರು. 1922ರಲ್ಲಿ ಡೇವಿಸ್ ಕಪ್ ಟೆನಿಸ್ ಆಡಿದವರು. 40ನೇ ವಯಸ್ಸಿನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಮೊದಲ ಟೆಸ್ಟ್ ಆಡಿ 40 ಮತ್ತು 60 ರನ್ ಹೊಡೆದರು. ಒಂದೇ ತಂಡ, ಒಬ್ಬರಿಗೆ ಹಾಗೆ, ಇನ್ನೊಬ್ಬರಿಗೆ ಹೀಗೆ. ಹದಿನಾಲ್ಕರ ಹುಡುಗಿಯ ಕೈಯಲ್ಲಿ ಇಂಥ ತೀರ್ಮಾನ ಮಾಡಿಸುವುದು ಬೇಡ.

ಖೋ ಖೋ ಹುಡುಗಿಗೆ ಕುಳಿತಲ್ಲಿಂದ ಚಿಮ್ಮಿ ಏಳುವುದು ಅಭ್ಯಾಸ, ಅದು ಓಟದ ಸ್ಟಾರ್ಟ್‌ಗೆ ದೊಡ್ಡ ಆಸ್ತಿ. ಆದರೆ ಅವಳ ಹೆಜ್ಜೆ ಚಿಕ್ಕದಾಗಿರುತ್ತದೆ, ಕಂಬದ ಹತ್ತಿರ ತಿರುಗಿ ತಿರುಗಿ ಹಾಗೆ ರೂಢಿಯಾಗಿರುತ್ತದೆ. ನೇರ ಓಟಕ್ಕೆ ಉದ್ದ ಹೆಜ್ಜೆ ಬೇಕು. ಅದು ಕಲಿಸಿದರೆ ಬರುತ್ತದೆ. ವಾರಕ್ಕೆ ಎರಡು ದಿನ ಓಟ, ಲಾಂಗ್ ಜಂಪ್ ಮಾಡಲಿ. ಉಳಿದ ದಿನ ಖೋ ಖೋ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆ ನಡೆಯುವಾಗ ಅಲ್ಲಿಯ ಕೋಚ್‌ಗಳಿಗೂ ಒಮ್ಮೆ ತೋರಿಸಿ. ಅವಳಿಗೆ ಗೆಳತಿಯರ ಜೊತೆ ಆಡುವುದು ಇಷ್ಟವಾ, ಒಬ್ಬಳೇ ಓಡುವುದು ಇಷ್ಟವಾ ಅಂತ ಅವಳನ್ನೇ ಕೇಳಿ. ಈ ಪ್ರಶ್ನೆ ಕೇಳದೆ ನಾನೇ ಒಬ್ಬ ಒಳ್ಳೆಯ ಖೋ ಖೋ ಹುಡುಗಿಯನ್ನು ಟ್ರ್ಯಾಕ್‌ಗೆ ಎಳೆದಿದ್ದೆ. ಆರು ತಿಂಗಳಿಗೆ ಅವಳು ಮೈದಾನಕ್ಕೆ ಬರುವುದನ್ನೇ ನಿಲ್ಲಿಸಿದಳು. ಈಗಲೂ ಅದು ನನಗೆ ನೆನಪಾಗುತ್ತದೆ.

ಬರುವ ಭಾನುವಾರ ಬೆಳಿಗ್ಗೆ ಟೇಪ್ ಹಿಡಿದು 30 ಮೀಟರ್ ಅಳೆಯಿರಿ. ನಿಂತಲ್ಲಿಂದ ಮೂರು ಸಲ ಓಡಿಸಿ, ನಡುವೆ ಐದು ನಿಮಿಷ ಬಿಡುವು ಕೊಡಿ. ಆಮೇಲೆ ನಿಂತಲ್ಲಿಂದಲೇ ಮುಂದಕ್ಕೆ ಒಂದು ಜಿಗಿತ, ಅದೂ ಮೂರು ಸಲ. ಆರೂ ಅಂಕಿಗಳನ್ನು, ಅವಳ ಎತ್ತರವನ್ನು ಬರೆದು ನನಗೆ ಕಳಿಸಿ. ನೋಡಿ ಮುಂದಿನದು ಬರೆಯುತ್ತೇನೆ.